ನಿಂತ ಚಕ್ಕಡಿಯ ನಾಲ್ಕು ತಿಂಗಳು

ಗಾಡಿ ಓಡಿದಷ್ಟೂ ಸವೆಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ವರ್ಷದ ಕೆಲವು ತಿಂಗಳು ಮಾತ್ರ ದುಡಿದು ಉಳಿದ ಕಾಲ ಅಂಗಳದಲ್ಲಿ ನಿಲ್ಲುವ ಗಾಡಿಯ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ, ಏಕೆಂದರೆ ಅಂಥ ಗಾಡಿಗೆ ಓಡಾಟಕ್ಕಿಂತ ನಿಲುಗಡೆಯೇ ಹೆಚ್ಚು ಹಾನಿ ಮಾಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಸೀಮೆಯಲ್ಲಿ ಜೋಡೆತ್ತು ಎಳೆಯುವ ಎರಡು ಗಾಲಿಯ ಬಂಡಿಗೆ ಚಕ್ಕಡಿ ಎಂದು ಹೆಸರು. ಭಾರದ ಹೇರಾಟವನ್ನು ಟ್ರ್ಯಾಕ್ಟರ್ ವಹಿಸಿಕೊಂಡ ಮೇಲೂ ತಿಪ್ಪೆಗೊಬ್ಬರವನ್ನು ಹೊಲಕ್ಕೆ ಸಾಗಿಸುವುದಕ್ಕೆ, ಎಳ್ಳ ಅಮಾವಾಸ್ಯೆಯಂದು ಮನೆಮಂದಿ ಚರಗ ಚೆಲ್ಲಲು ಹೋಗುವುದಕ್ಕೆ, ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವುದಕ್ಕೆ ಚಕ್ಕಡಿ ಉಳಿದುಕೊಂಡಿದೆ. ಈ ಕೆಲಸಗಳೆಲ್ಲ ಬರುವುದು ಚಳಿಗಾಲದಿಂದ ಬೇಸಿಗೆಯವರೆಗಿನ ಅವಧಿಯಲ್ಲಿ. ಜೂನ್ ಮೊದಲ ವಾರದಲ್ಲಿ ಮಿರಗದ ಮಳೆ ಕೂಡಿತೆಂದರೆ ಎರೆಹೊಲದ ದಾರಿಗಳು ಗಾಲಿಯನ್ನು ನಡುಮಟ್ಟದವರೆಗೆ ನುಂಗುವಷ್ಟು ಕೆಸರಾಗುತ್ತವೆ. ಚಿತ್ತಿ ಮಳೆ ಹಿಂದೆ ಸರಿಯುವವರೆಗಿನ ನಾಲ್ಕೈದು ತಿಂಗಳು ಚಕ್ಕಡಿಗೆ ಹೆಚ್ಚಿನ ಕೆಲಸವಿರುವುದಿಲ್ಲ, ಅದರ ಆಯುಷ್ಯ ತೀರ್ಮಾನವಾಗುವುದು ಆ ತಿಂಗಳುಗಳಲ್ಲೇ.

ಹಿಮ ಬೀಳುವ ದೇಶಗಳಲ್ಲಿ ಗಾಲ್ಫ್ ಮೈದಾನದ ಬ್ಯಾಟರಿ ಗಾಡಿಗಳಿಗೂ ಇಂಥದೇ ಒಂದು ಬಿಡುವಿನ ಕಾಲವಿದೆ, ಅದು ಅಲ್ಲಿಯ ಚಳಿಗಾಲ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಬರಿದಾಗಿಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕುಳಿತು ಮತ್ತೆ ಕರಗದಂತಾಗುತ್ತದೆ; ಮೇಲಾಗಿ ಬರಿದಾದ ಬ್ಯಾಟರಿಯ ದ್ರವ ನೀರಿಗೆ ಹತ್ತಿರವಾಗಿರುವುದರಿಂದ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಸೀಳುತ್ತದೆ, ಪೂರ್ತಿ ಚಾರ್ಜ್ ಆದದ್ದು ಮೈನಸ್ 50 ಡಿಗ್ರಿಯಲ್ಲೂ ದ್ರವವಾಗಿಯೇ ಉಳಿಯುತ್ತದೆ. ಆದಕಾರಣ ಅಲ್ಲಿಯವರು ಗಾಡಿಯನ್ನು ಮೂಲೆಗೆ ಸೇರಿಸುವ ಮುನ್ನ ಬ್ಯಾಟರಿ ತುಂಬಿಸಿ, ತಂತಿಯ ತುದಿಗಳನ್ನು ಒರೆಸಿ, ಗಾಲಿಗಳ ಮೇಲಿನ ಭಾರ ಇಳಿಸುತ್ತಾರೆ. ಚಕ್ಕಡಿಗೆ ಬ್ಯಾಟರಿಯಿಲ್ಲ, ಅದರ ಜಾಗದಲ್ಲಿ ಮರ ಮತ್ತು ಕಬ್ಬಿಣದ ನಡುವಿನ ಒಂದು ಬಿಗಿತವಿದೆ. ಆರೈಕೆಯ ಕೆಲಸವೆಲ್ಲ ಈ ಬಿಗಿತವನ್ನು ಕಾಯುವ ಕೆಲಸವೇ ಆಗಿದೆ.

ಗಾಲಿಯ ನಡುವಿನ ದುಂಡನೆಯ ದಿಮ್ಮಿಗೆ ಗುಂಬ ಎನ್ನುತ್ತಾರೆ. ಅದರಿಂದ ಹೊರಟ ಅರೆಗಳು, ಎಂದರೆ ಕಡ್ಡಿಗಳಂಥ ಮರದ ಕಾಲುಗಳು, ಸುತ್ತಿನ ಬಾಗುಹಲಗೆಗಳಲ್ಲಿ ಹೋಗಿ ಕೂಡುತ್ತವೆ. ಸಾಮಾನ್ಯವಾಗಿ ಒಂದು ಗಾಲಿಗೆ ಹನ್ನೆರಡು ಅರೆಗಳು ಮತ್ತು ಆರು ಬಾಗುಹಲಗೆಗಳಿದ್ದು, ಪ್ರತಿ ಹಲಗೆಯೂ ಎರಡೆರಡು ಅರೆಗಳನ್ನು ಹಿಡಿದಿರುತ್ತದೆ. ದಖ್ಖನಿನ ಬಯಲಿನಲ್ಲಿ ಗಾಲಿಗೆ ಕರಿಜಾಲಿಯೇ ಮೆಚ್ಚಿನ ಮರ, ಏಕೆಂದರೆ ಅದು ಗಟ್ಟಿಯಾಗಿದ್ದೂ ಪೆಟ್ಟಿಗೆ ಸೀಳುವುದಿಲ್ಲ ಮತ್ತು ಎರೆಹೊಲದ ಬದುವಿನಲ್ಲೇ ಬೆಳೆಯುತ್ತದೆ; ಮೂಕಿಗೆ, ಎಂದರೆ ಬಂಡಿಯಿಂದ ಮುಂದಕ್ಕೆ ಚಾಚಿ ನೊಗ ಹೊರುವ ಉದ್ದನೆಯ ಮರಕ್ಕೆ, ಬಾಗಿದರೂ ಮುರಿಯದ ದಿಂಡಿಗದಂಥ ಮರ ಒಪ್ಪುತ್ತದೆ. ಈ ಜೋಡಣೆಯ ಸಂದುಗಳಲ್ಲಿ ಮೊಳೆಯಾಗಲಿ ಅಂಟಾಗಲಿ ಇರುವುದಿಲ್ಲ. ಎಲ್ಲವನ್ನೂ ಒಳಕ್ಕೆ ಒತ್ತಿ ಒಂದಾಗಿ ಹಿಡಿಯುವುದು ಹೊರಗಿನ ಹಳಿ, ಗಾಲಿಯ ಸುತ್ತ ತೊಡಿಸಿದ ಕಬ್ಬಿಣದ ಬಳೆ.

ಹಳಿ ಕಟ್ಟುವ ಕೆಲಸ ಹಳ್ಳಿಯ ಕುಲುಮೆಯ ಅತ್ಯಂತ ನಿಖರವಾದ ಕೆಲಸ ಎಂದರೆ ಅತಿಶಯೋಕ್ತಿಯಾಗದು. ಕಮ್ಮಾರರು ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಬೆಸೆದು, ಬೆರಣಿ ಮತ್ತು ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಇಳಿಸಿ, ಮರ ಹೊತ್ತಿಕೊಳ್ಳುವುದರೊಳಗೆ ನೀರು ಸುರಿಯುತ್ತಾರೆ. ಕಬ್ಬಿಣವು ಪ್ರತಿ ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಪಾಲು ಹಿಗ್ಗುತ್ತದೆ. ನಾಲ್ಕೂವರೆ ಅಡಿ ಎತ್ತರದ ಗಾಲಿಯ ಹಳಿ 600 ಡಿಗ್ರಿ ಕಾದರೆ ಸುತ್ತಳತೆಯಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ, ತಣಿದಾಗ ಆ ಬೆಳವಣಿಗೆಯನ್ನು ವಾಪಸು ಕೇಳುತ್ತದೆ. ಮರ ಅಷ್ಟು ಬಿಟ್ಟುಕೊಡಲಾರದ್ದರಿಂದ ಅರೆಗಳು ಗುಂಬದೊಳಕ್ಕೆ, ಹಲಗೆಗಳು ಒಂದರ ಮೈಗೊಂದು ಕಿರುಗುಟ್ಟುತ್ತ ಕೂಡುತ್ತವೆ. ಅಳತೆ ಅರ್ಧ ಬೆರಳು ತಪ್ಪಿದರೂ ಕೆಲಸ ಕೆಟ್ಟಂತೆಯೇ: ದೊಡ್ಡದಾದರೆ ಹಳಿ ಜಾರುತ್ತದೆ, ಚಿಕ್ಕದಾದರೆ ಅರೆಗಳು ಬಾಗುತ್ತವೆ. ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಪಡೆದು ವರ್ಷವಿಡೀ ರೈತನ ಬಂಡಿ, ಕೂರಿಗೆಗಳನ್ನು ನೋಡಿಕೊಳ್ಳುತ್ತಿದ್ದ ಬಡಿಗ ಮತ್ತು ಕಮ್ಮಾರರ ವ್ಯವಸ್ಥೆ ಸಡಿಲವಾದಂತೆಲ್ಲ ಈ ಕೆಲಸ ಬಲ್ಲ ಕೈಗಳು ಕಡಿಮೆಯಾಗಿವೆ, ಆದ್ದರಿಂದ ಇದ್ದ ಬಿಗಿತವನ್ನು ಉಳಿಸಿಕೊಳ್ಳುವ ಹೊಣೆ ಒಡೆಯನ ಮೇಲೆಯೇ ಹೆಚ್ಚಾಗಿ ಬಿದ್ದಿದೆ.

ಮರ ತನ್ನ ಎಳೆಯ ಉದ್ದಕ್ಕೆ ಬಹುತೇಕ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎಳೆಗೆ ಅಡ್ಡವಾಗಿ ಮಾತ್ರ ತೇವ ಕುಡಿದಾಗ ಉಬ್ಬಿ, ಒಣಗಿದಾಗ ಸೊರಗುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಅರೆಯ ಉದ್ದ ಹಾಗೆಯೇ ಉಳಿದರೂ ಅದರ ದಪ್ಪ, ಗುಂಬದ ಮೈ ಮತ್ತು ಬಾಗುಹಲಗೆಯ ಅಗಲ ಕಡಿಮೆಯಾಗಿ ಒಟ್ಟು ಗಾಲಿ ಹಳಿಯೊಳಗೆ ಚಿಕ್ಕದಾಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಕಾಣಿಸುತ್ತದೆ: ಮರದ ತೇವ ನೂರಕ್ಕೆ ಇಪ್ಪತ್ತನ್ನು ದಾಟಿ ಅಲ್ಲಿಯೇ ನಿಂತರೆ ಶಿಲೀಂಧ್ರ, ಎಂದರೆ ಬೂಸಿನ ಜಾತಿಯ ಜೀವಿ, ಒಳಗೆ ಬೇರೂರಿ ಮರವನ್ನು ಮೆದುವಾಗಿಸುತ್ತದೆ. ನಾಲ್ಕು ತಾಲೂಕುಗಳು ಒಂದೇ ಸೀಮೆಯಾದರೂ ಈ ವಿಷಯದಲ್ಲಿ ಒಂದೇ ಅಲ್ಲ. ಮಲೆನಾಡಿನ ಸೆರಗಿಗೆ ತಾಗಿ ಭತ್ತವನ್ನೂ ಬೆಳೆಯುವ ಕಿತ್ತೂರಿನ ಕಡೆ ಚಕ್ಕಡಿಯ ಶತ್ರು ಕೊಳೆ. ಪೂರ್ವಕ್ಕೆ ಸರಿದಂತೆಲ್ಲ ಮಳೆ ಕಡಿಮೆಯಾಗಿ, ಕಲ್ಲುಗುಡ್ಡಗಳು ಸುಡುವ ರಾಮದುರ್ಗದಲ್ಲಿ ಅದರ ಶತ್ರು ಒಣಗು. ಕಿತ್ತೂರಿನಲ್ಲಿ ಗಾಳಿಯಾಡುವ ಜಾಗ ಹುಡುಕಬೇಕು, ರಾಮದುರ್ಗದಲ್ಲಿ ಬಿಸಿಲು ತಾಗದ ನೆರಳು ಹುಡುಕಬೇಕು. ಒಂದು ಕಡೆಯ ರೂಢಿಯನ್ನು ಇನ್ನೊಂದು ಕಡೆ ಹಾಗೆಯೇ ನಡೆಸಿದರೆ ಫಲ ಕಡಿಮೆ.

ಸಡಿಲಾದ ಗಾಲಿಗೆ ಊರೂರಲ್ಲಿ ಬಳಕೆಯಲ್ಲಿರುವ ಮದ್ದೆಂದರೆ ಅದನ್ನು ಕಳಚಿ ಹಳ್ಳದಲ್ಲೋ ಕೆರೆಯಲ್ಲೋ ರಾತ್ರಿಯಿಡೀ ನೆನೆಹಾಕುವುದು. ಮರ ಉಬ್ಬುತ್ತದೆ, ಹಳಿ ಬಿಗಿಯಾಗುತ್ತದೆ, ಮರುದಿನ ಪಯಣವೂ ಸಾಗುತ್ತದೆ. ಆದರೆ ಈ ಮದ್ದಿಗೆ ಬೆಲೆಯಿದೆ. ಹಳಿ ಜಗ್ಗದೆ ನಿಂತಿರುವಾಗ ಮರ ಉಬ್ಬಲು ಹವಣಿಸಿದರೆ ಅದರ ಎಳೆಗಳು ತಮ್ಮನ್ನು ತಾವೇ ಜಜ್ಜಿಕೊಳ್ಳುತ್ತವೆ. ಜಜ್ಜಿದ ಮರ ಮತ್ತೆ ಒಣಗಿದಾಗ ಮೊದಲಿಗಿಂತಲೂ ಚಿಕ್ಕದಾಗಿ ನಿಲ್ಲುತ್ತದೆ. ಹೀಗೆ ಪ್ರತಿ ನೆನೆಹಾಕುವಿಕೆಯೂ ಮುಂದಿನ ನೆನೆಹಾಕುವಿಕೆಯನ್ನು ಇನ್ನಷ್ಟು ಬೇಗ ಕರೆಯುತ್ತದೆ. ಜಾತ್ರೆಯ ಹಿಂದಿನ ದಿನದ ಅನಿವಾರ್ಯಕ್ಕೆ ಇದು ಸರಿ, ವರ್ಷದ ವಾಡಿಕೆಯಾಗಿ ಸರಿಯಲ್ಲ. ಹಳಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಎಲ್ಲ ಕಡೆಗೂ ಒಂದೇ ಬಗೆಯ ತುಂಬುದನಿ ಬಂದರೆ ಗಾಲಿ ಬಿಗಿಯಾಗಿದೆ ಎಂದೂ, ಕೆಲವೆಡೆ ಗಲಗಲ ಎಂದರೆ ಅಲ್ಲಿ ಮರ ಬಿಟ್ಟುಕೊಂಡಿದೆ ಎಂದೂ ತಿಳಿಯಬೇಕು. ಅಂಥ ಹಳಿಯನ್ನು ಬಿಚ್ಚಿ, ಒಂದಿಷ್ಟು ಕತ್ತರಿಸಿ, ಮತ್ತೆ ಬೆಸೆದು ಕಟ್ಟಿಸುವುದೇ ದಾರಿ.

ಮಳೆಗಾಲದ ನಿಲುಗಡೆಗೆ ಸಿದ್ಧತೆ ಕಾರ ಹುಣ್ಣಿಮೆಗೆ ಮುಂಚೆಯೇ ಮುಗಿದಿರಬೇಕು. ಮೊದಲ ಕೆಲಸ ತೊಳೆಯುವುದು. ಎರೆಮಣ್ಣು ನೀರು ಕುಡಿದು ಉಬ್ಬುವ ಜಾತಿಯ ಜೇಡಿಯಾದ್ದರಿಂದ ಗುಂಬದ ಸಂದಿನಲ್ಲಿ, ಅರೆಯ ಬುಡದಲ್ಲಿ ಅಂಟಿಕೊಂಡ ಒಂದು ಹಿಡಿ ಮಣ್ಣು ಒದ್ದೆ ಬಟ್ಟೆಯಂತೆ ವಾರಗಟ್ಟಲೆ ತೇವವನ್ನು ಮರಕ್ಕೆ ಹಿಡಿದಿಡುತ್ತದೆ. ಗೊಬ್ಬರ ಹೇರಿದ ಬಂಡಿಯಲ್ಲಿ ಉಳಿದ ಸಗಣಿ, ಗಂಜಲದ ಲವಣಗಳು ಕಬ್ಬಿಣವನ್ನು ತಿನ್ನುತ್ತವೆ. ತೊಳೆದ ಮೇಲೆ ನೆರಳಿನಲ್ಲಿ ನಾಲ್ಕಾರು ದಿನ ಆರಿಸಿ, ಸಾಧ್ಯವಾದರೆ ಅಚ್ಚಿನ ಅಡಿಗೆ ಎರಡೂ ಕಡೆ ಕಲ್ಲು ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಬೇಕು, ಆಗದಿದ್ದರೆ ಗಾಲಿಯ ಕೆಳಗೆ ಹಾಸುಗಲ್ಲು ಇಟ್ಟು ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಬೇಕು, ಏಕೆಂದರೆ ಹಸಿನೆಲಕ್ಕೆ ಒಂದೇ ಹಲಗೆ ನಾಲ್ಕು ತಿಂಗಳು ತಾಗಿ ನಿಂತರೆ ಕೊಳೆ ಮತ್ತು ಗೆದ್ದಲು ಎರಡೂ ಅಲ್ಲಿಂದಲೇ ಹತ್ತುತ್ತವೆ. ಮೂಕಿಯನ್ನು ಊರುಗೋಲಿನ ಮೇಲೆ ಎತ್ತರಿಸಿ ನಿಲ್ಲಿಸಿದರೆ ಬಂಡಿಯ ಹಾಸಿನ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದುಹೋಗುತ್ತದೆ. ಅನೇಕ ಮನೆಗಳಲ್ಲಿ ಚಕ್ಕಡಿಯನ್ನು ದನದ ಕೊಟ್ಟಿಗೆಯಲ್ಲಿಯೇ ನಿಲ್ಲಿಸುವ ರೂಢಿಯಿದೆ. ಜಾಗದ ಅಭಾವ ಅರ್ಥವಾಗುವಂಥದ್ದೇ ಆದರೂ, ಬಂಡಿಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಮೈತುಂಬ ಸುತ್ತುವುದೂ ಅಷ್ಟೇ ಹಾನಿಕರ, ಅದು ಹೊರಗಿನ ಮಳೆಯನ್ನು ತಡೆದು ಒಳಗಿನ ಬೆವರನ್ನು ಕೂಡಿಹಾಕುತ್ತದೆ.

ಒಣಗಿದ ಮರಕ್ಕೆ ಎಣ್ಣೆ ಉಣಿಸುವುದು ಮುಂದಿನ ಹಂತ. ಇದಕ್ಕೆ ಎಲ್ಲ ಎಣ್ಣೆಯೂ ಬಾರದು. ಗಾಳಿಯೊಡನೆ ಕೂಡಿ ತೆಳುಪೊರೆಯಾಗಿ ಗಟ್ಟಿಗೊಳ್ಳುವ ಎಣ್ಣೆ ಬೇಕು, ಅಂಥ ಗುಣ ಅಗಸೆ ಎಣ್ಣೆಯಲ್ಲಿ ಹೆಚ್ಚು, ಕುಸುಬಿ ಎಣ್ಣೆಯಲ್ಲಿ ಸ್ವಲ್ಪ ಕಡಿಮೆ. ಎರಡೂ ಈ ಸೀಮೆಯ ಎರೆಹೊಲದ ಹಿಂಗಾರಿ ಬೆಳೆಗಳೇ ಆಗಿವೆ, ಹಾಗಾಗಿ ಗಾಲಿಗೆ ಬೇಕಾದ ಮರದಂತೆ ಅದರ ಮದ್ದೂ ಹೊಲದಲ್ಲೇ ಇದೆ. ಎಳೆ ಕತ್ತರಿಸಿದ ತುದಿಗಳು, ಅರೆ ಕೂಡುವ ಸಂದುಗಳು ನೀರು ಹೀರುವುದರಲ್ಲಿ ಮುಂದಿರುವುದರಿಂದ ಅಲ್ಲಿ ಎರಡು ಮೂರು ಸಲ ಹಚ್ಚಬೇಕು. ಇಲ್ಲೊಂದು ಎಚ್ಚರಿಕೆ ಸಲ್ಲುತ್ತದೆ: ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಅದನ್ನು ಒರೆಸಿದ ಬಟ್ಟೆಯನ್ನು ಉಂಡೆಗಟ್ಟಿ ಎಸೆದರೆ ಆ ಬಿಸಿ ಒಳಗೇ ಸೇರಿ ತಾನಾಗಿ ಹೊತ್ತಿಕೊಳ್ಳಬಹುದು. ಮೇವಿನ ಬಣವೆಯಿರುವ ಹಿತ್ತಿಲಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ಬಿಡಿಸಿ ಒಣಹಾಕಬೇಕು ಅಥವಾ ನೀರಲ್ಲಿ ಅದ್ದಿಡಬೇಕು.

ಅಚ್ಚಿಗೆ ಬೇಕಾದುದು ಇದಕ್ಕೆ ತದ್ವಿರುದ್ಧವಾದ, ಎಂದೂ ಒಣಗದ ಎಣ್ಣೆ. ಗಾಲಿಗಳನ್ನು ಹೊತ್ತ ಕಬ್ಬಿಣದ ದಂಡವೇ ಅಚ್ಚು, ಗಾಲಿ ಅದರಿಂದ ಕಳಚಿಕೊಳ್ಳದಂತೆ ತುದಿಯಲ್ಲಿ ತೂರಿಸುವ ಗೂಟವೇ ಕಡಾಣಿ. ಗುಂಬ ಮತ್ತು ಅಚ್ಚಿನ ನಡುವೆ ಹಚ್ಚುವ ಕೀಲೆಣ್ಣೆಯನ್ನು ಹಿಂದೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿ, ಬಂಡಿಯ ಜೊತೆಯಲ್ಲೇ ಒಯ್ಯುತ್ತಿದ್ದರು. ಔಡಲೆಣ್ಣೆ ಉಳಿದ ಎಣ್ಣೆಗಳಿಗಿಂತ ಬಹಳ ಮಂದ, ಲೋಹದ ಮೈಗೆ ಬಿಗಿಯಾಗಿ ಅಂಟುವ ಗುಣವೂ ಅದಕ್ಕಿದೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡರ ಕಂಪನಿ 1909ರಲ್ಲಿ ಮೋಟಾರು ಮತ್ತು ವಿಮಾನಗಳಿಗೆಂದು ತಂದ ಕ್ಯಾಸ್ಟ್ರಾಲ್ ಎಣ್ಣೆಯ ಹೆಸರೇ ಔಡಲದ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ ಹುಟ್ಟಿದ್ದು. ಈಗ ಅಂಗಡಿಯ ಗ್ರೀಸು ಆ ಕೆಲಸ ಮಾಡುತ್ತದೆ. ಯಾವುದೇ ಆದರೂ ನಿಲುಗಡೆಗೆ ಮುಂಚೆ ಹಳೆಯ ಜಿಡ್ಡನ್ನು ಪೂರ್ತಿ ಒರೆಸಿ ತೆಗೆಯದೆ ಹೊಸದನ್ನು ಹಚ್ಚಬಾರದು, ಏಕೆಂದರೆ ಹಳೆಯದರಲ್ಲಿ ಕೂಡಿರುವ ಮರಳು ಮತ್ತು ಕಬ್ಬಿಣದ ಪುಡಿ ಅರದಂತೆ ಕೆಲಸ ಮಾಡುತ್ತವೆ.

ರಬ್ಬರ್ ಗಾಲಿಯ ಬಂಡಿಗಳ ಆರೈಕೆ ಸರಳ. ಅವುಗಳಲ್ಲಿ ಹಳಿಯ ಚಿಂತೆಯಿಲ್ಲ, ಬೇರಿಂಗಿನ ಗ್ರೀಸು ಬದಲಿಸಿ, ಗಾಳಿ ತುಂಬಿಸಿ, ಭಾರವನ್ನು ಕಲ್ಲಿನ ಮೇಲಿಟ್ಟು, ಟೈರಿಗೆ ಬಿಸಿಲು ತಾಗದಂತೆ ಮರೆ ಮಾಡಿದರೆ ಸಾಕು. ನೊಗ, ಮಿಣಿ ಮತ್ತು ಎತ್ತಿನ ಕೊರಳಿಗೆ ಬರುವ ಜತ್ತಿಗೆಗಳನ್ನು ಬಂಡಿಯಲ್ಲೇ ಬಿಡದೆ ಅಟ್ಟದ ಮೇಲೆ ಇಲಿಗೆ ಎಟುಕದಂತೆ ತೂಗುಹಾಕಬೇಕು. ತೊಗಲಿನವುಗಳಿಗೆ ಎಣ್ಣೆ ತಿಕ್ಕದಿದ್ದರೆ ಶ್ರಾವಣದ ತಂಪಿನಲ್ಲಿ ಬೂಸು ಹಿಡಿದು, ಬಿಸಿಲು ಬಿದ್ದಾಗ ಬಿರಿಯುತ್ತವೆ, ಬಿರಿದ ಜತ್ತಿಗೆ ಎತ್ತಿನ ಕೊರಳಿನಲ್ಲಿ ಹುಣ್ಣು ಮಾಡುತ್ತದೆ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಚಕ್ಕಡಿಯನ್ನು ಹೊರತೆಗೆದಾಗ ಅದನ್ನು ನೇರವಾಗಿ ಬಿಸಿಲಿಗೆ ನಿಲ್ಲಿಸದೆ ಕೆಲವು ದಿನ ನೆರಳಿನಲ್ಲಿ ಹೊಂದಿಕೊಳ್ಳಲು ಬಿಡುವುದು ಒಳ್ಳೆಯದು, ಏಕೆಂದರೆ ತೇವದ ಮರ ಒಮ್ಮೆಲೇ ಒಣಗಿದರೆ ಹೊರಮೈ ಮುಂಚೆ ಸೊರಗಿ ಸೀಳುಬಿಡುತ್ತದೆ. ಹಳಿಯನ್ನು ತಟ್ಟಿ, ಕಡಾಣಿಯ ಸವೆತವನ್ನು ನೋಡಿ, ಮೂಕಿಯ ಬುಡದಲ್ಲಿ ಚೂಪು ಮೊಳೆಯನ್ನು ಒತ್ತಿದಾಗ ಅದು ಸುಲಭವಾಗಿ ಒಳಗಿಳಿಯುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ, ಮೊದಲ ಓಟವನ್ನು ಬರಿದು ಬಂಡಿಯಲ್ಲೇ ನಡೆಸಬೇಕು. ಒಂದೆರಡು ಮೈಲು ಸಾಗಿದ ಬಳಿಕ ನಿಲ್ಲಿಸಿ ಎರಡೂ ಗುಂಬಗಳ ಮೇಲೆ ಅಂಗೈಯಿಟ್ಟಾಗ ಒಂದು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಆ ಬದಿಯ ಕಡಾಣಿ ಕಿತ್ತು, ಗಾಲಿ ಕಳಚಿ, ಅಚ್ಚನ್ನು ಮತ್ತೊಮ್ಮೆ ಒರೆಸಿ ಎಣ್ಣೆ ಹಚ್ಚಬೇಕು. ಎಲ್ಲಮ್ಮನ ಗುಡ್ಡದ ಏರಿನಲ್ಲಿ ಹಿಂದೆ ಮುಂದೆ ಚಕ್ಕಡಿಗಳ ಸಾಲಿರುವಾಗ ಈ ಕೆಲಸಕ್ಕೆ ಜಾಗ ಸಿಗುವುದಿಲ್ಲ.