ಸುತ್ತ ಸಕ್ಕರೆ ಇದ್ದರೂ ಹಸಿದ ಕಣ

ಮಕ್ಕಳೇ, ರಕ್ತ ತಯಾರಾಗುವ ಕಾರ್ಖಾನೆ ಎಲ್ಲಿದೆ ಗೊತ್ತೇ? ನಮ್ಮ ಮೂಳೆಗಳ ಒಳಗಿನ ಮಜ್ಜೆಯಲ್ಲಿ. ದೊಡ್ಡವರ ದೇಹದಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಒಂದೊಂದರ ಆಯುಸ್ಸು ಸುಮಾರು 120 ದಿನ. ಸತ್ತಷ್ಟು ಮತ್ತೆ ಹುಟ್ಟಬೇಕು, ಜಮಾ-ಖರ್ಚು ತಾಳೆಯಾಗಬೇಕು.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಈ ಲೆಕ್ಕದ ಬೆನ್ನು ಹತ್ತಿದ್ದು ನಮ್ಮ ಭಾವನವರಿಂದಾಗಿ. ಅವರಿಗೆ ಮೂತ್ರಪಿಂಡದ ಕಾಯಿಲೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆ ನುಂಗಿದರೂ ಏರಲಿಲ್ಲ. "ಇವರಿಗೆ ಕಡಿಮೆಯಾಗಿರುವುದು ಊಟವಲ್ಲ, ಅಪ್ಪಣೆ" ಎಂದರು ಡಾಕ್ಟರು.

ಏನಿದು ಅಪ್ಪಣೆ? ಮಜ್ಜೆಯ ಎಳೆಯ ಕಣಗಳ ಸುತ್ತ ಸಕ್ಕರೆ ಇದ್ದೇ ಇರುತ್ತದೆ. ಆದರೆ 'ಬೆಳವಣಿಗೆ ಕಾರಕ' ಎಂಬ ಪ್ರೋಟೀನು ಬಂದು ಕಣದ ಮೈಗೆ ತಗುಲಿದರೆ ಮಾತ್ರ ಸಕ್ಕರೆಯ ಬಾಗಿಲುಗಳು ಸರಿಯಾಗಿ ತೆರೆಯುತ್ತವೆ, ಒಳಗೆ ಶಕ್ತಿ ತಯಾರಾಗುತ್ತದೆ. ತಿಜೋರಿಯ ತುಂಬ ಹಣವಿದ್ದರೂ ಚೆಕ್ ಪಾಸಾಗದೆ ಕ್ಯಾಷಿಯರ್ ಒಂದು ರೂಪಾಯಿಯನ್ನೂ ಕೊಡುವುದಿಲ್ಲವಲ್ಲ, ಹಾಗೆ.

2005ರಲ್ಲಿ ಅಮೆರಿಕದ ಕ್ರೇಗ್ ಥಾಂಪ್ಸನ್ ಅವರ ತಂಡ ಇದನ್ನು ಚೆನ್ನಾಗಿ ತೋರಿಸಿತು. ಇಲಿಯ ಮಜ್ಜೆಯ ಕಣಗಳಿಗೆ ಆಹಾರ ಧಾರಾಳವಾಗಿ ಕೊಟ್ಟು, ಇಂಟರ್‌ಲ್ಯೂಕಿನ್-3 ಎಂಬ ಬೆಳವಣಿಗೆ ಕಾರಕವನ್ನು ಮಾತ್ರ ತೆಗೆದರು. ಸಾಮಾನ್ಯ ಕಣಗಳಾದರೆ ಬೇಗ ಸಾಯುತ್ತವೆ. ಇವು ಬೇಗ ಸಾಯದಂತೆ ಮಾರ್ಪಡಿಸಿದ್ದ ಕಣಗಳು. ಅನ್ನದ ನಡುವೆಯೇ ಹಸಿದು ಸೊರಗಿದವು. ಕೂಡಿಟ್ಟ ಗಂಟು ಕರಗಿಸಿ ಸಂಸಾರ ನಡೆಸುವವರ ಹಾಗೆ, ತಮ್ಮ ಮೈಯ ಭಾಗಗಳನ್ನೇ ಅರಗಿಸಿಕೊಂಡು ವಾರಗಟ್ಟಲೆ ಜೀವ ಹಿಡಿದವು! ಆ ಪ್ರೋಟೀನನ್ನು ಮತ್ತೆ ಕೊಟ್ಟಾಗ ಚೇತರಿಸಿಕೊಂಡು ಬೆಳೆದವು.

ಕೆಂಪು ಕಣಗಳಿಗೆ ಮುಖ್ಯ ಅಪ್ಪಣೆ ಎರಿತ್ರೋಪೊಯೆಟಿನ್. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೂತ್ರಪಿಂಡ ಅದನ್ನು ಹೆಚ್ಚಾಗಿ ಕಳಿಸುತ್ತದೆ. ಅದು ಸಿಗದ ಎಳೆಯ ಕಣಗಳು ಕೆಂಪು ಕಣಗಳಾಗುವ ಮೊದಲೇ ಸಾಯುತ್ತವೆ. ಮೂತ್ರಪಿಂಡ ಸೋತವರಿಗೆ ರಕ್ತ ಕಡಿಮೆಯಾಗಲು ಇದೇ ದೊಡ್ಡ ಕಾರಣ. 1977ರಲ್ಲಿ ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಕಾಜಿ ಮಿಯಾಕೆ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಯಾವುದರಿಂದ ಗೊತ್ತೇ? ರಕ್ತಹೀನತೆಯ ರೋಗಿಗಳಿಂದ ಕೂಡಿಸಿದ 2,550 ಲೀಟರ್ ಮೂತ್ರದಿಂದ! ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಈಗ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುತ್ತಾರೆ. ಭಾವನವರಿಗೆ ಕೊಟ್ಟಿದ್ದು ಅದೇ ಇಂಜೆಕ್ಷನ್. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 10 ದಾಟಿತು. ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಸುಸ್ತಿಗೆಲ್ಲ ಇದು ಮದ್ದಲ್ಲ. ಅತಿಯಾದರೆ ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯವಿದೆ. ರಕ್ತಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ ಅಳತೆಯಲ್ಲೇ ತೆಗೆದುಕೊಳ್ಳಬೇಕು. ಮಕ್ಕಳೇ, ಮನೆಯ ಹಿರಿಯರು ಸುಸ್ತು ಎಂದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಕೊನೆಯ ಸಲ ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿ.