ಗುಹೆಯೊಳಗಿನ ಗಿಡ್ಡ ಪಂಡಿತ

ಕಲ್ಪನಾಲೋಕದ ಕಥೆಗಳನ್ನು ಓದುವ, ಕಂಪ್ಯೂಟರಿನಲ್ಲಿ ಅಂಥ ಆಟಗಳನ್ನು ಆಡುವ ನಿಮಗೆ ಇವನ ಪರಿಚಯ ಇದ್ದೇ ಇರುತ್ತದೆ. ಎತ್ತರ ಮೂರಡಿಯೋ ಮೂರೂವರೆ ಅಡಿಯೋ. ಎದೆ ಮುಟ್ಟುವ ಗಡ್ಡ, ದಪ್ಪ ಮೂಗು. ಬೆಟ್ಟದ ಹೊಟ್ಟೆಯಲ್ಲಿ ಒಬ್ಬನೇ ವಾಸ. ಸುತ್ತ ಹಳೆಯ ಹೊತ್ತಗೆಗಳ ರಾಶಿ. ಯಾರಾದರೂ ಬಾಗಿಲು ತಟ್ಟಿದರೆ ಸಿಡುಕುತ್ತಾನೆ. ಆದರೆ ಮಂತ್ರವಿದ್ಯೆಯಲ್ಲಿ ಅವನಿಗೆ ತಿಳಿಯದ್ದಿಲ್ಲ. ಇಂಗ್ಲಿಷಿನಲ್ಲಿ ಇವನಿಗೆ 'ನೋಮ್' ಎಂದು ಹೆಸರು. ಬರೆಯುವಾಗ ಮೊದಲಿಗೆ 'ಜಿ' ಅಕ್ಷರವಿದೆ, ಉಚ್ಚರಿಸುವಾಗ ಇಲ್ಲ.

ಈ ಹೆಸರನ್ನು ಬಳಕೆಗೆ ತಂದವನು ಕಥೆಗಾರನಲ್ಲ, ವೈದ್ಯ ಎಂದರೆ ನಿಮಗೆ ಆಶ್ಚರ್ಯವಾದೀತು. 1493ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪ್ಯಾರಾಸೆಲ್ಸಸ್ ಆತ. ಮಹಾ ಜಗಳಗಂಟ. 1527ರಲ್ಲಿ ಬಾಸೆಲ್ ನಗರದಲ್ಲಿ ಅವಿಸೆನ್ನಾನ ವೈದ್ಯಗ್ರಂಥವನ್ನು ಎಲ್ಲರೆದುರು ಬೆಂಕಿಗೆ ಹಾಕಿದ. ಲ್ಯಾಟಿನ್ ಬಿಟ್ಟು ಜನರಾಡುವ ಜರ್ಮನ್ ಭಾಷೆಯಲ್ಲಿ ಪಾಠ ಹೇಳಿದ. (ಪಾಠ ಹೇಳಿದ್ದಕ್ಕೆ ನಾನು ತಲೆಬಾಗುತ್ತೇನೆ, ಪುಸ್ತಕ ಸುಟ್ಟಿದ್ದಕ್ಕಲ್ಲ.) ಅವನು ತೀರಿಕೊಂಡು 25 ವರ್ಷಗಳಾದ ಮೇಲೆ, 1566ರಲ್ಲಿ ಅಚ್ಚಾದ ಅವನ ಗ್ರಂಥವೊಂದರಲ್ಲಿ ನಾಲ್ಕು ಭೂತಗಳಿಗೆ ನಾಲ್ಕು ಬಗೆಯ ಜೀವಿಗಳ ವಿವರಣೆಯಿದೆ. ನೀರಿಗೆ ಅಂಡೈನ್, ಗಾಳಿಗೆ ಸಿಲ್ಫ್, ಬೆಂಕಿಗೆ ಸಾಲಮ್ಯಾಂಡರ್, ಮಣ್ಣಿಗೆ ನೋಮ್. ನೋಮ್ ಎರಡು ಗೇಣು ಎತ್ತರ; ಮನುಷ್ಯರ ಸಹವಾಸವೆಂದರೆ ಅದಕ್ಕಾಗದು; ನಾವು ಗಾಳಿಯಲ್ಲಿ ನಡೆದಾಡುವಂತೆ ಅದು ಕಲ್ಲುಮಣ್ಣಿನ ಒಳಗೇ ನಡೆದಾಡುತ್ತದೆ. ನಮ್ಮ ನಿಧಿ ಕಾಯುವ ಯಕ್ಷರಂತೆ ಭೂಮಿಯೊಳಗಿನ ಸಂಪತ್ತಿಗೆ ಅದೇ ಕಾವಲು.

ಒಂಟಿತನ ಅಲ್ಲಿಯೇ ಇತ್ತು. ಪಾಂಡಿತ್ಯ ಮಾತ್ರ ತೀರ ಈಚಿನದು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟ, 1978ರ ತನ್ನ ಕೈಪಿಡಿಯಲ್ಲಿ ನೋಮ್‌ಗೆ ಇಂದ್ರಜಾಲದ ವಿದ್ಯೆಯನ್ನು ಕೊಟ್ಟಿತು. ಮುಂದೆ ಬಂದ ಆಟಗಳಲ್ಲೂ ಅವನು ಮಾಂತ್ರಿಕನಾಗಿ ಕಾಣಿಸಿಕೊಂಡ.

ಅದಿರಲಿ. ನೆಲದಡಿಯ ಇಂಥ ಜೀವಿಗಳನ್ನು ಜನ ನಂಬಿದ್ದಾದರೂ ಏಕೆ? ಉತ್ತರ ಗಣಿಗಳಲ್ಲಿದೆ. ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿಗಳಲ್ಲಿ ಬೆಳ್ಳಿಯ ಅದಿರಿನಂತೆಯೇ ಕಾಣುವ ಕಲ್ಲೊಂದು ಸಿಗುತ್ತಿತ್ತು. ಕುಲುಮೆಯಲ್ಲಿ ಹುರಿದರೆ ಬೆಳ್ಳಿ ಬರುತ್ತಿರಲಿಲ್ಲ; ಬರುತ್ತಿದ್ದದ್ದು ವಿಷದ ಹೊಗೆ. ಆ ಹೊಗೆಯಲ್ಲಿದ್ದದ್ದು ಆರ್ಸೆನಿಕ್. 'ಕೋಬೋಲ್ಡ್' ಎಂಬ ಗಣಿಪಿಶಾಚಿ ಬೆಳ್ಳಿಯನ್ನು ಕದ್ದು ಈ ಕಲ್ಲನ್ನಿಟ್ಟಿದೆ ಎಂದು ಗಣಿಗಾರರು ಶಪಿಸಿದರು. 1735ರ ಸುಮಾರಿಗೆ ಸ್ವೀಡನ್ನಿನ ಗೇಯಾರ್ಗ್ ಬ್ರಾಂಟ್ ಅಂಥ ಅದಿರಿನಲ್ಲಿ ಹೊಸ ಲೋಹವೊಂದಿದೆಯೆಂದು ತೋರಿಸಿದ. ಅದೇ ಕೋಬಾಲ್ಟ್. ತಾಮ್ರದಂತೆ ತೋರಿ ತಾಮ್ರ ಕೊಡದ ಇನ್ನೊಂದು ಅದಿರಿಗೆ 'ತಾಮ್ರದ ಭೂತ' ಎಂಬರ್ಥದ ಹೆಸರಿತ್ತು. 1751ರಲ್ಲಿ ಕ್ರೋನ್‌ಸ್ಟೆಟ್ ಅದರಿಂದ ನಿಕಲ್ ಬೇರ್ಪಡಿಸಿದ. ನಿಮ್ಮ ಆವರ್ತ ಕೋಷ್ಟಕದ 27 ಮತ್ತು 28ನೆಯ ಮನೆಗಳನ್ನು ನೋಡಿ. ಎರಡೂ ಪಿಶಾಚಿಗಳು ಅಕ್ಕಪಕ್ಕದಲ್ಲೇ ಕುಳಿತಿವೆ!

ಗಣಿಗಾರರನ್ನು ಕಾಡುತ್ತಿದ್ದುದು ಇದೊಂದೇ ಅಲ್ಲ. ಕೆಮ್ಮು, ಉಬ್ಬಸ, ಬಳಿಕ ಅಕಾಲ ಮರಣ. ಬೆಟ್ಟದ ಭೂತಗಳು ಪಾಪಕ್ಕೆ ಕೊಡುವ ಶಿಕ್ಷೆಯಿದು ಎಂಬ ನಂಬಿಕೆಯಿತ್ತು. ಇದನ್ನು ಒಪ್ಪದೆ, ರೋಗಕ್ಕೆ ಕಾರಣ ಗಣಿಯೊಳಗಿನ ಲೋಹಗಳ ಆವಿ, ಅದು ಉಸಿರಿನೊಡನೆ ಒಳಸೇರುತ್ತದೆ ಎಂದು ಬರೆದವನು ಯಾರು ಗೊತ್ತೇ? ನೋಮ್‌ಗಳನ್ನು ನಂಬಿದ್ದ ಅದೇ ಪ್ಯಾರಾಸೆಲ್ಸಸ್! 1567ರಲ್ಲಿ ಅಚ್ಚಾದ ಆ ಪುಸ್ತಕ ಒಂದು ವೃತ್ತಿಯ ಕಾಯಿಲೆಯನ್ನೇ ಕುರಿತು ಬಂದ ಮೊದಲ ಗ್ರಂಥಗಳಲ್ಲೊಂದು. ವಿವರಗಳಲ್ಲಿ ಅವನು ಬಹಳಷ್ಟು ತಪ್ಪಿದ್ದಾನೆ, ದಿಕ್ಕು ಮಾತ್ರ ಸರಿಯಾಗಿತ್ತು. 1879ರಲ್ಲಿ ಇಬ್ಬರು ಜರ್ಮನ್ ವೈದ್ಯರು ಸ್ಯಾಕ್ಸನಿಯ ಷ್ನೇಬರ್ಗ್ ಗಣಿಗಾರರ ಕಾಯಿಲೆ ಶ್ವಾಸಕೋಶದ ಗಂತಿಯೆಂದು ಗುರುತಿಸಿದರು. ಅದಕ್ಕೆ ಮುಖ್ಯ ಕಾರಣ ರೇಡಾನ್ ಎಂದು ತಿಳಿದದ್ದು 20ನೆಯ ಶತಮಾನದಲ್ಲಿ. ಬಂಡೆಯಲ್ಲಿನ ಯುರೇನಿಯಂ ಕ್ಷಯಿಸುತ್ತ ಹೋದಂತೆ ಹುಟ್ಟುವ ಅನಿಲವದು. ಬಣ್ಣವಿಲ್ಲ, ವಾಸನೆಯಿಲ್ಲ, ಕಲ್ಲಿನ ಸಂದುಗಳಲ್ಲಿ ಸದ್ದಿಲ್ಲದೆ ನುಸುಳಿ ಬರುತ್ತದೆ.