ಗಾಳಿಯ ಮೇಲೆ ಕುಳಿತ ಲಾರಿ

ಮಾದಿಹಳ್ಳಿಯಿಂದ ಹಳೇಬೀಡಿನ ಕಡೆಗೆ ಆಲೂಗೆಡ್ಡೆಯ ಮೂಟೆಗಳನ್ನು ಹೊತ್ತು ಸಾಗುವ ಲಾರಿಯ ಹಿಂಬದಿಯಲ್ಲಿ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ವಾಚಕರು ಕಂಡಿರಬಹುದು. ಅವು ಭಾರವನ್ನು ಹೊರುವುದಲ್ಲದೆ ಅಚ್ಚನ್ನೂ ಅದರ ಸ್ಥಾನದಲ್ಲಿ ಹಿಡಿದಿಡುತ್ತವೆ. ಸುಖಪ್ರಯಾಣಕ್ಕೆಂದು ಪಟ್ಟಿಗಳನ್ನು ತೆಗೆದು ರಬ್ಬರಿನ ಗಾಳಿಚೀಲಗಳನ್ನಿಟ್ಟರೆ ಮೊದಲನೆಯ ಕೆಲಸವಷ್ಟೇ ನಡೆದೀತು. ಗಾಳಿ ಹೊರಬಲ್ಲುದು, ಹಿಡಿಯಲಾರದು.

ಆ ಕೊರತೆಯನ್ನು ನೀಗುವವು ನಾಲ್ಕು ಉಕ್ಕಿನ ದಂಡಗಳು. ಕೆಳಗಿನ ಎರಡು, ಅಚ್ಚು ಹಿಂದುಮುಂದಾಗದಂತೆ ತಡೆಯುತ್ತವೆ; ಮೇಲಿನ ಎರಡು, ಅದು ತನ್ನಲ್ಲಿಯೇ ಹೊರಳದಂತೆ ಕಾಯುತ್ತವೆ. ಮೇಲಿನವನ್ನು ಓರೆಯಾಗಿ ಜೋಡಿಸಿದರೆ ಅಚ್ಚು ಮಗ್ಗುಲಿಗೂ ಸರಿಯದು. ನಾಲ್ಕನ್ನೂ ನೇರವಾಗಿ ಜೋಡಿಸಿದರೆ ಅಡ್ಡಲಾಗಿ ಐದನೆಯ ದಂಡವೊಂದು ಬೇಕೇ ಬೇಕು.

ಇಲ್ಲಿ ಅಳತೆಯೇ ಪ್ರಾಣ. ವಾಹನವು ಓಡುವಾಗಿನ ಎತ್ತರದಲ್ಲಿಯೇ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಅವು ಸಮವಾಗದಿದ್ದರೆ ಲಾರಿ ಓರೆಯಾಗಿ ಓಡುತ್ತದೆ. ಚೀಲವು ತುಂಬಿದಾಗಲೂ ಬರಿದಾದಾಗಲೂ ಯಾವುದಕ್ಕೂ ಉಜ್ಜಬಾರದು. ಗಾಳಿಯೊಂದನ್ನೇ ನಂಬಿ ಯಾರೂ ಗಾಡಿಯ ಅಡಿಗೆ ನುಸುಳಬಾರದು; ಚೀಲವೊಡೆದರೆ ಇಡೀ ಭಾರ ಮೈಮೇಲೆ ಬಿದ್ದೀತು. ಗಟ್ಟಿಯಾದ ಆಧಾರಗಂಬಗಳನ್ನು ಮೊದಲು ಕೊಡಬೇಕು.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ನಮೂನೆಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಎಡೆಗೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ನಮ್ಮ ಸಾರಿಗೆ ನಿಗಮದ ‘ಐರಾವತ’ ವೋಲ್ವೋ ಬಸ್ಸುಗಳೂ ಗಾಳಿಯ ಮೇಲೆಯೇ ತೇಲುತ್ತವೆ. ಆದರೆ ಆ ಏರ್ಪಾಡು ಕಾರ್ಖಾನೆಯಲ್ಲಿಯೇ ಆದದ್ದು. ಮೆತ್ತನೆಯ ಸವಾರಿಯನ್ನು ಬಯಸುವ ತರುಣರು ಈ ಭೇದವನ್ನು ಮರೆಯದಿರಲಿ.